ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತವಲ್ಲ: ಕಾಲೇಜಿನ ಇತಿಹಾಸ ಪಠ್ಯಪುಸ್ತಕದ ಬಗ್ಗೆ

ಇತಿಹಾಸ ವಿಭಾಗಗಳಲ್ಲಿ ಮುಕ್ತ ಪಠ್ಯಪುಸ್ತಕದ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಪುಸ್ತಕದ ಮಾತು ಬಂದಾಗಲೆಲ್ಲ ಚರ್ಚೆ ದುಡ್ಡಿನಲ್ಲಿ ಶುರುವಾಗಿ ದುಡ್ಡಿನಲ್ಲೇ ಮುಗಿಯುತ್ತದೆ. ವಿದ್ಯಾರ್ಥಿಗೆ ಖರ್ಚು ಉಳಿಯುತ್ತದೆ, ತರಗತಿ ಆರಂಭವಾದ ದಿನವೇ ಎಲ್ಲರ ಕೈಗೂ ಪುಸ್ತಕ ಸಿಗುತ್ತದೆ. ಇವೆರಡೂ ಸಣ್ಣ ಲಾಭವೇನಲ್ಲ. ಆದರೂ ನನ್ನ ಅಭಿಪ್ರಾಯದಲ್ಲಿ ಇತಿಹಾಸ ಕಲಿಸುವವರಿಗೆ ಮುಕ್ತ ಪುಸ್ತಕದಿಂದ ಸಿಗುವ ದೊಡ್ಡ ಸಂಪತ್ತು ಅದನ್ನು ತಿದ್ದುವ ಹಕ್ಕು. ಆ ಹಕ್ಕನ್ನು ಮುಟ್ಟದೆ ಪಿಡಿಎಫ್ ಒಂದನ್ನು ಇಳಿಸಿಕೊಂಡು ತರಗತಿಯ ಗ್ರೂಪಿಗೆ ಹಾಕಿ ಸುಮ್ಮನಾದರೆ ಅರ್ಧ ಕೆಲಸವೂ ಆಗಿರುವುದಿಲ್ಲ.

ಇತಿಹಾಸಕ್ಕೇ ಯಾಕೆ ಇದು ಇಷ್ಟು ಮುಖ್ಯ? ಅಧ್ಯಾಯ ಯಾವ ಇಸವಿಯಿಂದ ಶುರುವಾಗಬೇಕು, ಯುದ್ಧಕ್ಕೆ ಎಷ್ಟು ಪುಟ, ಬರಗಾಲಕ್ಕೆ ಎಷ್ಟು ಪುಟ, ಯಾರ ಮಾತು ಮುಖ್ಯ ಪಠ್ಯದಲ್ಲಿರಬೇಕು, ಯಾರದ್ದು ಪಕ್ಕದ ಚೌಕದಲ್ಲಿರಬೇಕು, ಎಲ್ಲವೂ ಯಾರೋ ಕೂತು ಮಾಡಿದ ಆಯ್ಕೆ. ಮಾರಾಟದ ಪುಸ್ತಕದಲ್ಲಿ ಆ ಆಯ್ಕೆ ನಮಗೆ ಒಪ್ಪಿಗೆಯಾಗದಿದ್ದರೆ ತರಗತಿಯಲ್ಲಿ ಬಾಯಿಮಾತಿನಲ್ಲಿ ತಿದ್ದಬೇಕು. ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿ ಓದುವುದು ಮಾತ್ರ ಅಚ್ಚಾದದ್ದನ್ನೇ. ಮುಕ್ತ ಪುಸ್ತಕದಲ್ಲಾದರೆ ಅಚ್ಚಾದದ್ದನ್ನೇ ಬದಲಿಸಬಹುದು: ನಾಲ್ಕು ಪುಟ ತೆಗೆದು ಒಂದು ಆಕರ (ಆ ಕಾಲದವರೇ ಬಿಟ್ಟುಹೋದ ಬರಹ) ಸೇರಿಸಬಹುದು, ಅಧ್ಯಾಯಗಳ ಕ್ರಮ ತಿರುಗಿಸಬಹುದು, ಕನ್ನಡಕ್ಕೆ ತರಬಹುದು.

ಇದಕ್ಕೆ ಮೊದಲು ಒಂದು ಗೊಂದಲ ಬಗೆಹರಿಯಬೇಕು. ಜಾಲತಾಣದಲ್ಲಿ ಪುಕ್ಕಟೆ ಇಟ್ಟ ಮಾತ್ರಕ್ಕೆ ಕಾಪಿರೈಟ್ ಹೋಗುವುದಿಲ್ಲ. ಮುಕ್ತ ಶಿಕ್ಷಣದ ಬಗ್ಗೆ ಕೆಲಸ ಮಾಡಿರುವ ಅಮೆರಿಕದ ಡೇವಿಡ್ ವೈಲಿ ಕೊಟ್ಟಿರುವ ಒರೆಗಲ್ಲು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬಹುದೇ, ಬಳಸಬಹುದೇ, ತಿದ್ದಬಹುದೇ, ಬೇರೆಯದರ ಜೊತೆ ಬೆರೆಸಬಹುದೇ, ಮತ್ತೆ ಹಂಚಬಹುದೇ? ಐದಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಪುಸ್ತಕ ಮುಕ್ತ. ಉತ್ತರ ಇರುವುದು ಪರವಾನಗಿಯ ಸಾಲಿನಲ್ಲಿ. ಆ ಸಾಲು ಎಲ್ಲೂ ಕಾಣದಿದ್ದರೆ ಎಲ್ಲ ಹಕ್ಕುಗಳೂ ಕಾದಿರಿಸಿವೆ ಎಂದೇ ತಿಳಿಯಬೇಕು.

ಮುಕ್ತ ಪುಸ್ತಕಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಸಂಸ್ಥೆ ರೂಪಿಸಿದ ಪರವಾನಗಿ, ಅದರಲ್ಲಿ ಆರು ಬಗೆ. ಈಗ ಹೆಚ್ಚಾಗಿ ಕಾಣುವ 4.0 ಆವೃತ್ತಿ 2013ರದ್ದು. ಸಿಸಿ ಬೈ ಎಂದಿದ್ದರೆ ಮೂಲದವರ ಹೆಸರು ಹೇಳಿ ಏನು ಬೇಕಾದರೂ ಮಾಡಬಹುದು. ಎಸ್‌ಎ ಸೇರಿದ್ದರೆ ನೀವು ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ಎನ್‌ಸಿ ಇದ್ದರೆ ವ್ಯಾಪಾರ ಕೂಡದು. ಎನ್‌ಡಿ ಇದ್ದರೆ ತಿದ್ದಿದ್ದನ್ನು ಹಂಚುವಂತಿಲ್ಲ. ಅನುವಾದವೂ ತಿದ್ದುಪಡಿಯೇ ಆದ್ದರಿಂದ ಎನ್‌ಡಿ ಪುಸ್ತಕವನ್ನು ಕನ್ನಡಕ್ಕೆ ತಂದು ಪ್ರಕಟಿಸಲು ಬಾರದು.

ಇದು ಒಣ ಕಾನೂನಿನಂತೆ ಕಂಡರೂ ಎರಡು ಪುಸ್ತಕ ಬೆರೆಸಲು ಹೊರಟ ಕೂಡಲೇ ಎದುರಾಗುತ್ತದೆ. ಅಮೆರಿಕದ ಇತಿಹಾಸಕ್ಕೆ ಎರಡು ಪ್ರಸಿದ್ಧ ಮುಕ್ತ ಪುಸ್ತಕಗಳಿವೆ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2014ರಲ್ಲಿ ತಂದ 'ಯು.ಎಸ್. ಹಿಸ್ಟರಿ' 32 ಅಧ್ಯಾಯಗಳದ್ದು, ಸಿಸಿ ಬೈ. ಜೋಸೆಫ್ ಲಾಕ್ ಮತ್ತು ಬೆನ್ ರೈಟ್ ಸಂಪಾದಿಸಿದ 'ದಿ ಅಮೆರಿಕನ್ ಯಾಪ್' 30 ಅಧ್ಯಾಯಗಳದ್ದು, ಸಿಸಿ ಬೈ-ಎಸ್‌ಎ. ಅದನ್ನು 2019ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿತು. ಎರಡರಿಂದಲೂ ಒಂದಿಷ್ಟು ಪುಟ ತೆಗೆದು ಹೊಸ ಅಧ್ಯಾಯ ಹೆಣೆದರೆ ಅದು ಬೈ-ಎಸ್‌ಎ ಅಡಿಯಲ್ಲೇ ಹೊರಬರಬೇಕು, ಬರೀ ಬೈ ಎಂದು ಹಾಕಿದರೆ ತಪ್ಪು. ಇನ್ನು ಬೈ-ಎಸ್‌ಎ ಪಠ್ಯವನ್ನೂ ಬೈ-ಎನ್‌ಸಿ-ಎಸ್‌ಎ ಪಠ್ಯವನ್ನೂ ಒಂದೇ ಅಧ್ಯಾಯದಲ್ಲಿ ಕಲಸುವ ಹಾಗೇ ಇಲ್ಲ, ಎರಡೂ ತಮ್ಮದೇ ಪರವಾನಗಿಗೆ ಹಟ ಹಿಡಿಯುತ್ತವೆ.

ಹೊಸದಾಗಿ ಬರೆಯುವವರು ಎನ್‌ಸಿ ಹಾಕಬೇಡಿ ಎಂಬುದು ನನ್ನ ಬಲವಾದ ಸಲಹೆ. ಯಾರೋ ನಮ್ಮ ಶ್ರಮದಿಂದ ದುಡ್ಡು ಮಾಡಿಕೊಂಡಾರು ಎಂಬ ಆತಂಕ ಅರ್ಥವಾಗುವಂಥದ್ದು. ಆದರೆ ಎನ್‌ಸಿ ಇದ್ದಲ್ಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಬಹುದೇ ಎಂಬ ಅನುಮಾನ ಹುಟ್ಟುತ್ತದೆ. ಅಮೆರಿಕದಲ್ಲಿ ಇದೇ ಪ್ರಶ್ನೆ ಕೋರ್ಟ್ ಮೆಟ್ಟಿಲೇರಿ, ಶಾಲೆಯ ಪರವಾಗಿ ಅಂಗಡಿಯವರು ಪ್ರತಿ ತೆಗೆದುಕೊಡುವುದು ಪರವಾನಗಿಯ ಉಲ್ಲಂಘನೆಯಲ್ಲ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು. ಪುಸ್ತಕ ಎಲ್ಲರೂ ಬಳಸಲಿ ಎಂಬುದೇ ಉದ್ದೇಶವಾಗಿದ್ದರೆ ಬಳಸುವವರನ್ನು ಈ ಅನುಮಾನಕ್ಕೆ ದೂಡುವುದು ಬೇಡ. ಎಸ್‌ಎ ಹಾಕಿ, ಸಾಕು.

ಈಗ ನಿಜವಾದ ವಿಷಯಕ್ಕೆ ಬರೋಣ. ಇಡೀ ಕಾಲಘಟ್ಟವನ್ನು ಒಟ್ಟಾಗಿ ಹೇಳುವ ಪಠ್ಯಪುಸ್ತಕ ಬರೆಯುವ ಮೊದಲು ಆಕರಗಳ ಸಂಕಲನ ಮಾಡಿ. ಇಡೀ ಪುಸ್ತಕ ಬರೆಯಲು ಹೊರಟ ತಂಡಗಳು ಮೂರನೇ ಅಧ್ಯಾಯದ ಹೊತ್ತಿಗೆ ಸುಸ್ತಾಗುತ್ತವೆ. ಆಕರ ಸಂಕಲನವಾದರೆ ಒಂದೊಂದು ಘಟಕವೂ ಸ್ವತಂತ್ರ, ಹತ್ತು ಆದಲ್ಲಿಗೆ ನಿಂತರೂ ಹತ್ತೂ ಬಳಕೆಗೆ ಬರುತ್ತವೆ. ಒಂದು ಸೆಮಿಸ್ಟರಿಗೆ 12ರಿಂದ 15 ಆಕರ ಧಾರಾಳ. ಒಂದೊಂದು ಭಾಗ 300ರಿಂದ 600 ಪದ, ಮೇಲೆ ನೂರೈವತ್ತು ಪದ ಮೀರದ ಪೀಠಿಕೆ, ಕೆಳಗೆ ನಾಲ್ಕು ಪ್ರಶ್ನೆ. ಪೀಠಿಕೆಯಲ್ಲಿ ಬರೆದವರು ಯಾರು, ಯಾವಾಗ, ಯಾರಿಗಾಗಿ, ಯಾವ ಭಾಷೆಯಲ್ಲಿ, ನಮಗೆ ಉಳಿದು ಬಂದದ್ದು ಹೇಗೆ ಎಂಬುದಿಷ್ಟೇ ಇರಲಿ. ಪೀಠಿಕೆ ಬರೆಯುವವರು ಆಕರದಿಂದ ಏನು ತಿಳಿಯಬೇಕು ಎಂಬುದನ್ನೂ ಅಲ್ಲೇ ಹೇಳಿಬಿಡುವುದು ತೀರಾ ಸಾಮಾನ್ಯವಾದ ತಪ್ಪು. ಹಾಗೆ ಹೇಳಿದರೆ ಆಕರವನ್ನು ಯಾರೂ ಓದುವುದಿಲ್ಲ.

ಆಕರ ಹಳೆಯದಾದರೆ ಕಾಪಿರೈಟ್ ತೊಂದರೆ ಇಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಇಲ್ಲೇ ಎಡವುವುದು. ಹದಿನಾಲ್ಕನೇ ಶತಮಾನದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತನನ್ನೇ ತೆಗೆದುಕೊಳ್ಳಿ. ಅವನ ಪ್ರವಾಸಕಥನ ಬರಹರೂಪಕ್ಕೆ ಬಂದದ್ದು 1355ರಲ್ಲಿ, ಅರಬ್ಬಿ ಮೂಲಕ್ಕೆ ಕಾಪಿರೈಟ್ ಇಲ್ಲ. ನಾವು ಪಾಠದಲ್ಲಿ ಬಳಸುವುದು ಇಂಗ್ಲಿಷ್ ಅನುವಾದ, ಅದಕ್ಕೆ ಅನುವಾದಕನ ಹಕ್ಕು ಬೇರೆ. ಸ್ಯಾಮ್ಯುಯೆಲ್ ಲೀ ಅನುವಾದ 1829ರದ್ದು, ಎಲ್ಲ ಕಡೆಯೂ ಕಾಪಿರೈಟ್‌ನಿಂದ ಮುಕ್ತ. ಆದರೆ ಲೀ ಅನುವಾದಿಸಿದ್ದು ಸಂಕ್ಷೇಪಿಸಿದ ಹಸ್ತಪ್ರತಿಯಿಂದ, ಎಷ್ಟೋ ವಿವರ ಅದರಲ್ಲಿಲ್ಲ. ಎಚ್.ಎ.ಆರ್. ಗಿಬ್ 1929ರಲ್ಲಿ ಆಯ್ದ ಭಾಗಗಳನ್ನು ಅನುವಾದಿಸಿದರು. ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷದ ಲೆಕ್ಕ, ಹಾಗಾಗಿ ಅಲ್ಲಿ ಅದು 2025ರಿಂದ ಮುಕ್ತ. ಗಿಬ್ ತೀರಿಕೊಂಡದ್ದು 1971ರಲ್ಲಿ. ಲೇಖಕರ ಮರಣಾನಂತರ 60 ವರ್ಷ ಎಣಿಸುವ ಭಾರತದಲ್ಲಿ 2031 ಮುಗಿಯುವವರೆಗೆ, 70 ಎಣಿಸುವ ದೇಶಗಳಲ್ಲಿ 2041 ಮುಗಿಯುವವರೆಗೆ ಅದು ಬಂಧಿತ. ಹಳೆಯ ಪ್ರವಾಸಕಥನಗಳನ್ನು ಪ್ರಕಟಿಸುವ ಹ್ಯಾಕ್ಲುಟ್ ಸೊಸೈಟಿಗಾಗಿ ಅವರು 1958ರಿಂದ ತಂದ ಪೂರ್ಣ ಅನುವಾದದ ಸಂಪುಟಗಳನ್ನಂತೂ ಮುಟ್ಟುವ ಹಾಗಿಲ್ಲ. ಒಂದೇ ಪ್ಯಾರಾ, ಯಾರ ಅನುವಾದ ಮತ್ತು ಯಾವ ದೇಶ ಎಂಬುದರ ಮೇಲೆ ಅದರ ಹಣೆಬರಹ.

ದಾರಿ ಇದೆ. ಡೆಫ್ರೆಮೆರಿ ಮತ್ತು ಸಾಂಗ್ವಿನೆಟ್ಟಿ 1853ರಿಂದ 1858ರ ನಡುವೆ ಅರಬ್ಬಿ ಪಾಠವನ್ನೂ ಫ್ರೆಂಚ್ ಅನುವಾದವನ್ನೂ ಒಟ್ಟಿಗೆ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಾರೆ, ಅದು ಪೂರ್ತಿ ಮುಕ್ತ. ಅರಬ್ಬಿ ಅಥವಾ ಫ್ರೆಂಚ್ ಬಲ್ಲವರೊಬ್ಬರಿಂದ ಐದು ಪ್ಯಾರಾ ನೇರವಾಗಿ ಕನ್ನಡಕ್ಕೆ ಮಾಡಿಸಿ ಸಿಸಿ ಬೈ ಹಾಕಿದರೆ ಅದು ಎಂದೆಂದಿಗೂ ಎಲ್ಲರದ್ದು. ಕೆಲವು ಕಡೆ ಅದೃಷ್ಟ ಚೆನ್ನಾಗಿರುತ್ತದೆ. ವಿಜಯನಗರ ಕಂಡ ಪೋರ್ಚುಗೀಸರಾದ ಪಾಯೆಸ್ ಮತ್ತು ನ್ಯೂನಿಜ್ ಇಬ್ಬರ ಬರಹವೂ ರಾಬರ್ಟ್ ಸೀವೆಲ್‌ನ 1900ರ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿದೆ. ಸೀವೆಲ್ ತೀರಿಕೊಂಡದ್ದು 1925ರಲ್ಲಿ, ಆದ್ದರಿಂದ ಅಡ್ಡಿಯಿಲ್ಲ. ಇಬ್ಬರ ಬರಹಕ್ಕೂ ಸುಮಾರು 15 ವರ್ಷಗಳ ಅಂತರ. ಒಂದೇ ಊರಿನ ಬಗ್ಗೆ ಇಬ್ಬರೂ ಹೇಳಿದ್ದನ್ನು ಅಕ್ಕಪಕ್ಕ ಇಟ್ಟು, ಇದರಲ್ಲಿ ಕಣ್ಣಾರೆ ಕಂಡದ್ದು ಎಷ್ಟು, ಕೇಳಿ ಬರೆದದ್ದು ಎಷ್ಟು ಎಂದು ಬೇರ್ಪಡಿಸಲು ಹೇಳಿದರೆ ವಿದ್ಯಾರ್ಥಿ ಒಂದು ತರಗತಿಯಲ್ಲಿ ಆಕರ ವಿಮರ್ಶೆ ಕಲಿಯುತ್ತಾನೆ.

ಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಪುಸ್ತಕದ ಮೇಲೆ ಸಿಸಿ ಬೈ ಎಂದಿದ್ದರೂ ಒಳಗಿನ ಒಂದೊಂದು ಚಿತ್ರಕ್ಕೆ ಬೇರೆ ಪರವಾನಗಿ ಇರಬಹುದು, ಅಡಿಬರಹ ಓದದೆ ಎತ್ತಿಕೊಳ್ಳಬೇಡಿ. ಹಳೆಯ ವರ್ಣಚಿತ್ರದ ತದ್ವತ್ತಾದ ಫೋಟೋಗೆ ಹೊಸ ಕಾಪಿರೈಟ್ ಇಲ್ಲ ಎಂದು ಅಮೆರಿಕದ ನ್ಯಾಯಾಲಯ 1999ರಲ್ಲಿ ಹೇಳಿದೆ, ಐರೋಪ್ಯ ಒಕ್ಕೂಟದ 2019ರ ನಿರ್ದೇಶನವೂ ಅದೇ ದಿಕ್ಕಿನದು. ಶಿಲ್ಪ, ನಾಣ್ಯ, ಕಟ್ಟಡಗಳ ಮಾತು ಬೇರೆ. ಕೋನ, ಬೆಳಕು ಎಲ್ಲ ಫೋಟೋ ತೆಗೆದವರ ಆಯ್ಕೆ, ಅದಕ್ಕೆ ಅವರ ಹಕ್ಕಿರುತ್ತದೆ. ಶಿಲ್ಪ ಸಾವಿರ ವರ್ಷ ಹಳೆಯದಾದರೂ ಫೋಟೋ ಹೋದ ವರ್ಷದ್ದಿರಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ 3,75,000ಕ್ಕೂ ಹೆಚ್ಚು ಚಿತ್ರಗಳನ್ನು ಸಿಸಿ ಝೀರೋ ಅಡಿಯಲ್ಲಿ, ಅಂದರೆ ಯಾವ ಹಕ್ಕನ್ನೂ ಉಳಿಸಿಕೊಳ್ಳದೆ, ಬಿಟ್ಟುಕೊಟ್ಟಿತು, ಹುಡುಕಾಟ ಅಲ್ಲಿಂದ ಶುರು ಮಾಡಿದರೆ ತಲೆನೋವು ಕಡಿಮೆ.

ಭೂಪಟ ನೀವೇ ಮಾಡಿ. ನ್ಯಾಚುರಲ್ ಅರ್ತ್ ಎಂಬ ಉಚಿತ ಭೂಪಟ ಸಂಗ್ರಹದ ದತ್ತಾಂಶ ಯಾರು ಬೇಕಾದರೂ ಬಳಸಬಹುದು, ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬಹುದು. ಆದರೆ ಅದು ಇಂದಿನ ಭೂಮಿಯ ಚಿತ್ರ ಎಂಬುದು ನೆನಪಿರಲಿ. ಇಂದಿನ ಗಡಿಗಳ ಪದರವನ್ನು ಎಲ್ಲರೂ ತೆಗೆಯುತ್ತಾರೆ, ಕೆರೆ ಮತ್ತು ಜಲಾಶಯದ ಪದರವನ್ನು ಮರೆಯುತ್ತಾರೆ. ಆಗ ಫೇರೋಗಳ ಈಜಿಪ್ಟಿನ ಭೂಪಟದಲ್ಲಿ ನಾಸೆರ್ ಸರೋವರ ನೀಲಿಯಾಗಿ ಹರಡಿಕೊಂಡಿರುತ್ತದೆ. ಅದು ಹುಟ್ಟಿದ್ದು 1960ರ ದಶಕದಲ್ಲಿ, ಆಸ್ವಾನ್ ದೊಡ್ಡ ಅಣೆಕಟ್ಟಿನಿಂದ. ರಾಜ್ಯಗಳ ಸುತ್ತ ದಪ್ಪ ಗೆರೆ ಎಳೆಯುವುದೂ ತಪ್ಪೇ. ಪ್ರಾಚೀನ ರಾಜ್ಯಗಳಿಗೆ ಅಷ್ಟು ಖಚಿತವಾದ ಬೇಲಿ ಇರಲಿಲ್ಲ. ಶಾಸನ ಸಿಕ್ಕ ಊರುಗಳನ್ನು ಚುಕ್ಕೆಗಳಾಗಿ ತೋರಿಸಿದರೆ ನಮಗೆ ಎಷ್ಟು ಗೊತ್ತೋ ಅಷ್ಟನ್ನೇ ಹೇಳಿದ ಹಾಗಾಗುತ್ತದೆ. ಎಸ್‌ವಿಜಿ ಕಡತವಾಗಿ ಇಟ್ಟರೆ ಮುಂದಿನವರು ಊರಿನ ಹೆಸರು ಬದಲಿಸಿಕೊಳ್ಳಬಹುದು.

ಅದೇ ಕಾರಣಕ್ಕೆ ಪಠ್ಯವನ್ನೂ ಬರೀ ಪಿಡಿಎಫ್ ಆಗಿ ಹಂಚಬೇಡಿ. ತಿದ್ದಲು ಬರುವ ವರ್ಡ್, ಮಾರ್ಕ್‌ಡೌನ್ ಅಥವಾ ಎಚ್‌ಟಿಎಂಎಲ್ ಕಡತ ಜೊತೆಗಿರಬೇಕು, ಅದಿಲ್ಲದೆ ತಿದ್ದುವ ಹಕ್ಕು ಕಾಗದದ ಮೇಲಷ್ಟೇ. ಕನ್ನಡ ಪಠ್ಯವಾದರೆ ಯೂನಿಕೋಡ್ ಕಡ್ಡಾಯ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ಟಿಪ್ಪಣಿಗಳನ್ನು ಪರಿವರ್ತಿಸಿದಾಗ ಅರ್ಕಾವತ್ತು ಮತ್ತು ಒತ್ತಕ್ಷರ ಜಾಗ ತಪ್ಪುತ್ತವೆ, ಹೆಸರುಗಳು ಕೆಡುತ್ತವೆ. ಯಂತ್ರವನ್ನು ನಂಬದೆ ಒಬ್ಬರು ಕೂತು ಸಾಲು ಸಾಲು ಓದಬೇಕು. ಫಾಂಟೂ ಮುಕ್ತವಾದದ್ದೇ ಇರಲಿ, ನೋಟೋ ಸಾನ್ಸ್ ಕನ್ನಡ ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ.

ಮೂಲದವರಿಗೆ ಋಣ ಹೇಳುವಾಗ ಶೀರ್ಷಿಕೆ, ಕರ್ತೃ, ಕೊಂಡಿ, ಪರವಾನಗಿ ನಾಲ್ಕೂ ಬೇಕು. 4.0 ಪರವಾನಗಿಯಲ್ಲಿ ತಿದ್ದಿದ್ದೇವೆ ಎಂಬುದನ್ನೂ ಹೇಳಬೇಕು. "ಮೂಲದ 3ನೇ ವಿಭಾಗ ಕೈಬಿಟ್ಟಿದೆ, ಎರಡು ಆಕರ ಸೇರಿಸಿದೆ" ಎಂಬ ಒಂದು ಸಾಲು ಸಾಕು. ಏನಾದರೂ ತಪ್ಪಿದರೆ ಬಳಸುವ ಹಕ್ಕು ಹೋಗುತ್ತದೆ, ಆದರೆ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದಲ್ಲಿ ಹಕ್ಕು ತಾನಾಗಿ ಮರಳುತ್ತದೆ, ಹಾಗಾಗಿ ಹೆದರಿ ಕೂರುವ ಅಗತ್ಯವಿಲ್ಲ.

ಸೆಮಿಸ್ಟರ್ ನಡುವೆ ಪುಸ್ತಕ ಬದಲಿಸಬೇಡಿ. ತಿದ್ದುವುದು ಸುಲಭವಾದಷ್ಟೂ ಈ ಅಪಾಯ ಹೆಚ್ಚು: ಅರ್ಧ ತರಗತಿಯ ಬಳಿ ಜೂನಿನ ಪ್ರತಿ, ಉಳಿದರ್ಧದ ಬಳಿ ಆಗಸ್ಟಿನದು, ಪರೀಕ್ಷೆಯ ಪ್ರಶ್ನೆ ಎರಡರಲ್ಲಿ ಒಂದರಲ್ಲಿ ಮಾತ್ರ ಇರುವ ಪ್ಯಾರಾ ಮೇಲೆ. ಮೊದಲ ತರಗತಿಗೆ ಮುಂಚೆ ಆವೃತ್ತಿಗೊಂದು ಸಂಖ್ಯೆ ಕೊಟ್ಟು ಬೀಗ ಹಾಕಿ, ತಪ್ಪುಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಟ್ಟು ರಜೆಯಲ್ಲಿ ಸೇರಿಸಿ. ಓದಲು ಹೇಳುವಾಗ ಪುಟಸಂಖ್ಯೆಯ ಬದಲು ವಿಭಾಗದ ಸಂಖ್ಯೆ ಹೇಳಿ, ಫೋನಿನಲ್ಲಿ ಓದುವವರಿಗೂ ಮುದ್ರಿತ ಪ್ರತಿಯಲ್ಲಿ ಓದುವವರಿಗೂ ಪುಟ ಹೊಂದುವುದಿಲ್ಲ.

ಗುಣಮಟ್ಟದ ಪ್ರಶ್ನೆ ಯಾವಾಗಲೂ ಬರುತ್ತದೆ, ಬರಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯ 2012ರಲ್ಲಿ ಆರಂಭಿಸಿದ ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿಯಲ್ಲಿ ಅಧ್ಯಾಪಕರೇ ಹತ್ತು ಮಾನದಂಡಗಳ ಮೇಲೆ ಬರೆದ ವಿಮರ್ಶೆಗಳು ಸಿಗುತ್ತವೆ. ಅವನ್ನು ಓದಿ, ಅಷ್ಟಕ್ಕೇ ನಿಲ್ಲಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಅಧ್ಯಾಯ ಆರಿಸಿಕೊಂಡು ಅದರ ಹತ್ತು ಹೇಳಿಕೆಗಳಿಗೆ ಆಕರ ಎಲ್ಲಿದೆ ಎಂದು ಹುಡುಕಿ. ಅಧ್ಯಾಯದ ಕೊನೆಗೆ ಉದ್ದದ ಓದುಪಟ್ಟಿ ಇದ್ದು, ಯಾವ ಮಾತು ಯಾವ ಪುಸ್ತಕದಿಂದ ಬಂತು ಎಂಬುದು ಗೊತ್ತಾಗದಿದ್ದರೆ ಅದು ದೊಡ್ಡ ಕೊರತೆ. ಅಡಿಟಿಪ್ಪಣಿ ಸೇರಿಸುವುದೇ ನಿಮ್ಮ ಮೊದಲ ತಿದ್ದುಪಡಿಯಾಗಲಿ.

ಇಷ್ಟೆಲ್ಲ ಕೆಲಸ ಯಾರು ಮಾಡಬೇಕು? ಓದುವವರಿಗೆ ಪುಕ್ಕಟೆಯಾದರೂ ಮಾಡುವವರಿಗೆ ಇದು ಪುಕ್ಕಟೆಯಲ್ಲ. ವಾರಕ್ಕೆ ಒಂದೆರಡು ಪಾಠದ ಅವಧಿ ಕಡಿಮೆ ಮಾಡದೆ, ಬಡ್ತಿಯ ಲೆಕ್ಕಕ್ಕೆ ಹಿಡಿಯದೆ, ಉತ್ಸಾಹಿಗಳ ಮೇಲೆ ಹೊರೆ ಹೊರಿಸುವ ಸಂಸ್ಥೆಗಳಲ್ಲಿ ಇಂಥ ಪುಸ್ತಕ ಎರಡನೇ ಆವೃತ್ತಿ ಕಾಣುವುದು ಕಷ್ಟ. ವಿದ್ಯಾರ್ಥಿಗಳಿಂದ ಪೀಠಿಕೆ, ಅನುವಾದ, ಭೂಪಟ ಮಾಡಿಸುವುದು ಒಳ್ಳೆಯ ಕಲಿಕೆಯೇ. ಆದರೆ ಅವರು ಬರೆದದ್ದರ ಕಾಪಿರೈಟ್ ಅವರದು. ಪ್ರಕಟಿಸಲು ಲಿಖಿತ ಒಪ್ಪಿಗೆ ಬೇಕು, ಹೆಸರು ಹಾಕಬೇಕೋ ಬೇಡವೋ ಎಂಬುದನ್ನೂ ಅವರೇ ಹೇಳಬೇಕು. ಆ ಒಪ್ಪಿಗೆಯನ್ನು ಅಂಕಗಳು ಪ್ರಕಟವಾದ ಮೇಲೆ ಕೇಳಿ. ಅಂಕ ನಿಮ್ಮ ಕೈಯಲ್ಲಿರುವಾಗ ಕೇಳಿದರೆ ಬೇಡ ಎನ್ನಲು ಯಾವ ವಿದ್ಯಾರ್ಥಿಗೂ ಧೈರ್ಯ ಬರುವುದಿಲ್ಲ.