ಎಎ ಸಭೆಗೆ ಹೋದರೆ ಮಾತ್ರೆ ಬಿಡಬೇಕಾ? ಇಲ್ಲ

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಸಭೆಗೆ ಹೋಗುವವರು ಮಾನಸಿಕ ಕಾಯಿಲೆಯ ಮಾತ್ರೆಯನ್ನೂ ಬಿಡಬೇಕು, ಇಲ್ಲದಿದ್ದರೆ ಅವರು ‘ನಿಜವಾಗಿ ಬಿಟ್ಟವರು’ ಅಲ್ಲ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ಜೀವಕ್ಕೇ ಅಪಾಯ ತರುವ ತಪ್ಪು.

ಎಎ ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ. ಶುರು ಮಾಡಿದ ಇಬ್ಬರಲ್ಲಿ ಬಾಬ್ ಸ್ಮಿತ್ ಸ್ವತಃ ಡಾಕ್ಟರ್. ಸದಸ್ಯರಾಗಲು ಕುಡಿತ ನಿಲ್ಲಿಸುವ ಆಸೆಯೊಂದಿದ್ದರೆ ಸಾಕು. ಶುಲ್ಕವಿಲ್ಲ. ಮಾತ್ರೆ ಬಿಡಬೇಕೆಂಬ ನಿಯಮವೂ ಇಲ್ಲ. ಸದಸ್ಯರು ಯಾರೂ ಇನ್ನೊಬ್ಬರಿಗೆ ಡಾಕ್ಟರಂತೆ ಸಲಹೆ ಕೊಡಲು ಹೋಗಬಾರದು ಎಂದು ಎಎಯ ಕಿರುಪುಸ್ತಿಕೆಯೇ ಹೇಳುತ್ತದೆ. ಹಳೆಯ ಸದಸ್ಯರೊಬ್ಬರು ‘ಮಾತ್ರೆ ಬಿಟ್ಟುಬಿಡು’ ಎಂದರೆ ಅದು ಅವರ ಸ್ವಂತ ಅಭಿಪ್ರಾಯ, ಅಷ್ಟೇ.

ಲಿಥಿಯಂನಂಥ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆ ಮರುಕಳಿಸಬಹುದು. ಆತ್ಮಹತ್ಯೆಯ ಅಪಾಯವೂ ಜಾಸ್ತಿ. ಇನ್ನು ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಕಾಡಬಹುದು, ಪ್ರಾಣವೇ ಹೋಗಬಹುದು. ಮೊದಲ ಕೆಲವು ದಿನ ಡಾಕ್ಟರ ನಿಗಾ ಬೇಕೇ ಬೇಕು.

ಹಾಗಂತ ಸಭೆಗಳು ಸುಮ್ನೆ ಮಾತಲ್ಲ. 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2020ರ ವಿಮರ್ಶೆ, ಕುಡಿತದಿಂದ ದೂರ ಉಳಿಯಲು ಎಎ ಬೇರೆ ಚಿಕಿತ್ಸೆಗಳಷ್ಟೇ, ಕೆಲವೊಮ್ಮೆ ಇನ್ನೂ ಜಾಸ್ತಿ, ನೆರವಾಗುತ್ತದೆ ಎಂದಿದೆ. ರಾತ್ರಿ ಹೊತ್ತು ಆಸೆ ಕೆರಳಿದಾಗ ಫೋನ್ ಎತ್ತುವವರು ಅದೇ ಕಷ್ಟ ದಾಟಿ ಬಂದವರೇ ಅಲ್ವಾ? ಆ ಆಸರೆಯೂ ಇರಲಿ, ಮಾತ್ರೆಯೂ ಇರಲಿ.

ಮಾತ್ರೆ ಬಗ್ಗೆ ಅನುಮಾನವಿದ್ದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.