ಪರ-ವಿರೋಧ: ಪರೀಕ್ಷೆಯ ವರ್ಷದಲ್ಲಿ ಮಕ್ಕಳಿಗೆ ಓಟ ಕಡ್ಡಾಯ ಆಗಬೇಕೇ?

ಕಾರವಾರ ಇರಲಿ, ಶಿರಸಿ ಇರಲಿ, ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ತರಗತಿಗಳ ಆಟದ ಪೀರಿಯಡ್ ಡಿಸೆಂಬರ್ ದಾಟಿದರೆ ಉಳಿಯುವುದೇ ಕಷ್ಟ. ಆ ಹೊತ್ತನ್ನು ಗಣಿತ ಇಲ್ಲವೇ ವಿಜ್ಞಾನದ ವಿಶೇಷ ತರಗತಿ ನುಂಗುತ್ತದೆ. ಇದನ್ನು ತಿರುಗಿಸಿ, ಪರೀಕ್ಷೆಯ ಮಕ್ಕಳಿಗೇ ಬೆಳಗಿನ ಓಟ ಕಡ್ಡಾಯ ಮಾಡಬೇಕೆಂಬ ವಾದವಿದೆ. ಅದಕ್ಕೆ ಪರವಾಗಿ ಒಬ್ಬರು, ವಿರೋಧವಾಗಿ ಇನ್ನೊಬ್ಬರು ಬರೆದಿದ್ದಾರೆ. ಇಬ್ಬರೂ ನೆಚ್ಚಿಕೊಂಡಿರುವುದು ಒಂದೇ ಪ್ರಯೋಗಾಲಯದ ಕೆಲಸವನ್ನು.

ಪರ: ಒತ್ತಡ ಬರುವ ಮೊದಲೇ ಓಡಿಸಿ

ಅಮೆರಿಕದ ಬೌಲ್ಡರ್‌ನಲ್ಲಿರುವ ಕೊಲರಾಡೊ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಮೋನಿಕಾ ಫ್ಲೆಶ್ನರ್, ಬೆಂಜಮಿನ್ ಗ್ರೀನ್‌ವುಡ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಇಟ್ಟುಕೊಂಡರು. ಮೊದಲೇ ಓಡಿ ಪಳಗಿದ ಪ್ರಾಣಿಗೆ ಆಮೇಲೆ ಆಘಾತ ಬಂದರೆ ಅದರ ಮೆದುಳು ಹೇಗೆ ನಡೆದುಕೊಳ್ಳುತ್ತದೆ? ಇಲಿಗಳ ಒಂದು ಗುಂಪಿಗೆ ಗೂಡಿನಲ್ಲೇ ತಿರುಗುವ ಚಕ್ರ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಆರು ವಾರದ ನಂತರ ಎರಡೂ ಗುಂಪಿನ ಬಾಲಕ್ಕೆ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಕೊಟ್ಟರು. ಮರುದಿನ ಬೇರೊಂದು ಪೆಟ್ಟಿಗೆಯಲ್ಲಿ ಬಿಟ್ಟಾಗ, ಓಡದ ಇಲಿಗಳು ಪಾರಾಗುವ ದಾರಿ ಇದ್ದರೂ ಅದನ್ನು ಬೇಗ ಕಲಿಯಲಿಲ್ಲ, ಸೋತು ಕೂತವು. ಓಡಿದ ಇಲಿಗಳು ಆಘಾತವನ್ನೇ ಕಾಣದ ಇಲಿಗಳ ಹಾಗೆ ಚುರುಕಾಗಿ ಪಾರಾದವು. ಇದು 2003ರಲ್ಲಿ ಪ್ರಕಟವಾದ ಫಲಿತಾಂಶ.

ಕಾರಣವನ್ನೂ ಅವರು ಹುಡುಕಿದರು. ಮಿದುಳುಕಾಂಡದಲ್ಲಿ ಡಾರ್ಸಲ್ ರಾಫೆ ಎಂಬ ಸಣ್ಣ ನರಕೋಶಗುಚ್ಛ ಇದೆ, ಮನಸ್ಸಿನ ಸ್ಥಿತಿಯ ಮೇಲೆ ಪ್ರಭಾವ ಬೀರುವ ಸೆರೊಟೋನಿನ್ ಎಂಬ ರಾಸಾಯನಿಕ ಮುಖ್ಯವಾಗಿ ಹೊರಡುವುದು ಅಲ್ಲಿಂದ. ಕೈಮೀರಿದ ಒತ್ತಡದಲ್ಲಿ ಈ ಕೋಶಗಳು ಮಿತಿಮೀರಿ ಕೆರಳುತ್ತವೆ. ಭಯ ಮತ್ತು ಕೈಚೆಲ್ಲುವ ಸ್ವಭಾವ ಅಲ್ಲಿಂದ ಶುರುವಾಗುತ್ತವೆ. ಈ ಕೋಶಗಳಿಗೆ ತಮ್ಮನ್ನು ತಾವೇ ತಡೆದುಕೊಳ್ಳುವ ಗ್ರಾಹಕಗಳಿವೆ. ಓಡಿದ ಇಲಿಗಳಲ್ಲಿ ಆ ಗ್ರಾಹಕಗಳನ್ನು ತಯಾರಿಸುವ ಸಂದೇಶ ಹೆಚ್ಚಿತ್ತು, ಕೆರಳಿಕೆ ಕಡಿಮೆಯಿತ್ತು. ಅಂದರೆ ಓಟ ಒತ್ತಡವನ್ನು ಅಳಿಸಲಿಲ್ಲ, ಅದರ ಮುಂದೆ ಕುಸಿಯದಂತೆ ಮೆದುಳಿಗೆ ಬ್ರೇಕು ಕೂರಿಸಿತು.

ಶಾಲೆಗಳು ಗೋಡೆಗೆ ಬರೆದು ಹಾಕಬೇಕಾದ್ದು 2005ರ ಫಲಿತಾಂಶ: ಮೂರು ವಾರದ ಓಟ ಸಾಲಲಿಲ್ಲ, ಆರು ವಾರ ಬೇಕಾಯಿತು. ಪರೀಕ್ಷೆ ಮಾರ್ಚ್‌ನಲ್ಲಿ ಎಂದರೆ ಫೆಬ್ರವರಿ ಕೊನೆಗೆ ಎಚ್ಚೆತ್ತು ಓಡಿಸಿ ಪ್ರಯೋಜನವಿಲ್ಲ. ದೀಪಾವಳಿ ರಜೆ ಮುಗಿದ ಕೂಡಲೇ ಶುರುಮಾಡಬೇಕು, ಜನವರಿ ಮಧ್ಯ ಕೊನೆಯ ಗಡುವು. ಕಡ್ಡಾಯ ಬೇಕು ಎನ್ನುವುದಕ್ಕೆ ಇದೇ ಕಾರಣ. ಇಷ್ಟವಿದ್ದವರು ಬನ್ನಿ ಎಂದರೆ ಮೊದಲೇ ಕಬಡ್ಡಿ, ವಾಲಿಬಾಲ್ ಆಡುವವರು ಬರುತ್ತಾರೆ. ಪುಸ್ತಕ ಬಿಟ್ಟು ಏಳಲು ಹೆದರುವ ಹುಡುಗಿ ಬರುವುದಿಲ್ಲ. ಓಟ ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗುಳಿಯುತ್ತಾರೆ.

ಬಲವಂತದ ಓಟದಿಂದ ಲಾಭವಿಲ್ಲ ಎಂಬ ಮಾತಿಗೂ ಅದೇ ಗುಂಪು 2013ರಲ್ಲಿ ಉತ್ತರ ಕೊಟ್ಟಿದೆ. ಮೋಟಾರು ತಿರುಗಿಸುವ ಚಕ್ರದಲ್ಲಿ ಬಲವಂತವಾಗಿ ಓಡಿದ ಇಲಿಗಳಿಗೂ ಸ್ವಂತ ಇಚ್ಛೆಯಿಂದ ಓಡಿದ ಇಲಿಗಳಷ್ಟೇ ರಕ್ಷಣೆ ಸಿಕ್ಕಿತು. ಹಿಡಿತ ತನ್ನ ಕೈಯಲ್ಲಿದೆ ಎಂಬ ಅನುಭವವನ್ನು ಕಾಯುವ ಮುಂಭಾಗದ ಮೆದುಳಿನ ಒಂದು ಭಾಗವನ್ನು ನಾಶಮಾಡಿದರೂ ಆ ರಕ್ಷಣೆ ಹೋಗಲಿಲ್ಲ.

ಇನ್ನು ಮಾಡುವ ಕ್ರಮ. ವಾರಕ್ಕೆ ಐದು ದಿನ, ದಿನಕ್ಕೆ 35 ನಿಮಿಷ ಸಾಕು. ಮೊದಲ ಐದು ನಿಮಿಷ ಬಿರುಸು ನಡಿಗೆ. ಮೊದಲ ಎರಡು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೂರನೇ ವಾರದಿಂದ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಕೊನೆಯ ಐದು ನಿಮಿಷ ಮತ್ತೆ ನಡಿಗೆ. 220ರಿಂದ ವಯಸ್ಸು ಕಳೆದರೆ 17ರ ಹರೆಯಕ್ಕೆ ಗರಿಷ್ಠ ನಾಡಿ ಸುಮಾರು 203. ಅದರ 64ರಿಂದ 76 ಶೇಕಡಾ, ಅಂದರೆ ನಿಮಿಷಕ್ಕೆ 130ರಿಂದ 154, ಮಧ್ಯಮ ಶ್ರಮ. ಮಕ್ಕಳು ಕುತ್ತಿಗೆಯ ಪಕ್ಕ ಬೆರಳಿಟ್ಟು 15 ಸೆಕೆಂಡು ಎಣಿಸಲಿ, 33ರಿಂದ 38 ಬಂದರೆ ಸರಿ. ಎಣಿಸಲು ಬಾರದಿದ್ದರೆ ಮಾತಾಡಿಸಿ ನೋಡಿ: ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಓಡಿಸುವವರು ಇಳಿತದ ಗಟ್ಟಿ ಹೊಯ್ಗೆಯನ್ನೇ ಹಿಡಿಯಬೇಕು. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ಇವತ್ತು ಆರೂವರೆಗೆ ಸಿಕ್ಕ ನೆಲ ಮುಂದಿನ ವಾರ ಅದೇ ಹೊತ್ತಿಗೆ ನೀರಿನಡಿ ಇರುತ್ತದೆ. ಒಣ ಮೆತ್ತನೆ ಹೊಯ್ಗೆಯಲ್ಲಿ ಹಿಮ್ಮಡಿ ಹೂತು ಮೀನಖಂಡದ ಸ್ನಾಯು ಎಳೆದುಕೊಳ್ಳುತ್ತದೆ. ದಂಡೆ ಸಮುದ್ರದ ಕಡೆ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ಒಂದು ಮೊಣಕಾಲಿಗೇ ಭಾರ ಬೀಳುತ್ತದೆ, ಹೋದಷ್ಟೇ ದೂರ ವಾಪಸ್ ಬರಬೇಕು. ನೆಲ ಸಿಗದ ದಿನ ಮಾಲಾದೇವಿ ಮೈದಾನ ಇದೆ. ಶಿರಸಿಯಲ್ಲಿ ಏರುದಾರಿ ಬಿಟ್ಟು ಸಮತಟ್ಟು ಮೈದಾನ ಹಿಡಿಯಿರಿ, ಏರಿನಲ್ಲಿ ಹೊಸಬರ ನಾಡಿ ಒಂದೇ ನಿಮಿಷಕ್ಕೆ ಮಿತಿ ದಾಟುತ್ತದೆ.

ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಎರಡು ಸುತ್ತು ಹೆಚ್ಚು ಓಡಿಸುವುದು ಒಂದು. ಖಾಲಿ ಹೊಟ್ಟೆಯಲ್ಲಿ ಓಡಿಸುವುದು ಇನ್ನೊಂದು. ಒಂದು ಬಾಳೆಹಣ್ಣು, ಒಂದು ಲೋಟ ನೀರು ಮೊದಲೇ ಹೋಗಿರಬೇಕು. ಮೂರನೆಯದು ರಕ್ತಹೀನತೆ ಇರುವ ಹುಡುಗಿಯರನ್ನು ಸೋಮಾರಿಗಳೆಂದು ಬೈಯುವುದು. ಏದುಸಿರು, ಬಿಳಚಿದ ಕಣ್ಣರೆಪ್ಪೆಯ ಒಳಭಾಗ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ನಡಿಗೆ ಮಾತ್ರ. ಆಸ್ತಮಾ ಇರುವವರು ಇನ್‌ಹೇಲರ್ ಕೈಯಲ್ಲಿಟ್ಟುಕೊಂಡೇ ಬರಲಿ.

ವಿರೋಧ: ಓಟ ಬೇಕು, ಕಡ್ಡಾಯದ ಸಾಲು ಬೇಡ

2013ರ ಪ್ರಯೋಗದಲ್ಲಿ ಇನ್ನೊಂದು ಗುಂಪೂ ಇತ್ತು. ಅವೂ ಆರು ವಾರ ಓಡಿದವು, ಆದರೆ ಟ್ರೆಡ್‌ಮಿಲ್ ಮೇಲೆ. ಅವುಗಳಿಗೆ ರಕ್ಷಣೆ ಸಿಗಲಿಲ್ಲ. ಪರವಾದಿಗಳು ಮೋಟಾರು ಚಕ್ರದ ಫಲಿತಾಂಶ ಹೇಳಿ ಇದನ್ನು ಬಿಟ್ಟಿದ್ದಾರೆ. ನಮ್ಮ ಶಾಲೆಗಳಿಗೆ ಸಂಬಂಧಪಟ್ಟಿರುವುದು ಬಿಟ್ಟ ಭಾಗವೇ.

ಎರಡೂ ಬಲವಂತವೇ ಆಗಿದ್ದರೂ ವ್ಯತ್ಯಾಸ ಯಾಕೆ? ಮೋಟಾರು ಚಕ್ರ ಇಲಿಯ ಸ್ವಾಭಾವಿಕ ಓಟವನ್ನು ಅನುಸರಿಸುವಂತೆ ಹೊಂದಿಸಲಾಗಿತ್ತು: ಸ್ವಲ್ಪ ಓಟ, ಸ್ವಲ್ಪ ನಿಲುಗಡೆ, ಮತ್ತೆ ಓಟ. ಟ್ರೆಡ್‌ಮಿಲ್‌ನಲ್ಲಿ ವೇಗ ಕಾಲಡಿ ಸರಿಯುವ ಪಟ್ಟಿಯದು, ಇಲಿಯದಲ್ಲ. ಇದಕ್ಕೂ ಮೊದಲು, 2000ನೇ ಇಸವಿಯಲ್ಲೇ, ಫ್ಲೆಶ್ನರ್ ಗುಂಪು ಎಂಟು ವಾರ ಟ್ರೆಡ್‌ಮಿಲ್ ಮೇಲೆ ಓಡಿಸಿದ ಇಲಿಗಳನ್ನು ಪರೀಕ್ಷಿಸಿತ್ತು. ಸ್ನಾಯುಗಳಿಗೆ ತರಬೇತಿಯ ಲಾಭ ಆಗಿತ್ತು. ಅದರ ಜೊತೆಗೇ ಒತ್ತಡದ ಹಾರ್ಮೋನು ಸ್ರವಿಸುವ ಅಡ್ರಿನಲ್ ಗ್ರಂಥಿ ದಪ್ಪವಾಗಿತ್ತು, ರೋಗನಿರೋಧಕ ವ್ಯವಸ್ಥೆಯ ಥೈಮಸ್ ಗ್ರಂಥಿ ಕುಗ್ಗಿತ್ತು. ಇವೆರಡೂ ದೀರ್ಘಕಾಲದ ಒತ್ತಡದ ಗುರುತುಗಳು. 1936ರಲ್ಲಿ ಒತ್ತಡದ ಅಧ್ಯಯನಕ್ಕೆ ಹೆಸರಾದ ವಿಜ್ಞಾನಿ ಹಾನ್ಸ್ ಸೆಲ್ಯೆ ಇಲಿಗಳಲ್ಲಿ ಮೊದಲು ವಿವರಿಸಿದ್ದು ಇದನ್ನೇ. ಕಾಲು ಗಟ್ಟಿಯಾಗುತ್ತಿರುವಾಗಲೇ ಒಳಗೆ ಒತ್ತಡ ಬೆಳೆಯಬಹುದು ಎಂದರ್ಥ.

60 ಮಕ್ಕಳು ಸಾಲಾಗಿ, ಒಂದೇ ಸೀಟಿಗೆ, ಒಂದೇ ವೇಗದಲ್ಲಿ ಓಡುವುದು ಚಕ್ರಕ್ಕಿಂತ ಟ್ರೆಡ್‌ಮಿಲ್‌ಗೇ ಹತ್ತಿರ. ಪರವಾದಿಗಳ ನಾಡಿಯ ಲೆಕ್ಕ ಸರಿಯಾಗಿದೆ, ಅದನ್ನು ಒಪ್ಪುತ್ತೇವೆ. ಆದರೆ ಒಬ್ಬ ಶಿಕ್ಷಕರ ಕೈಯಲ್ಲಿ ಅದು ನಡೆಯುವುದಿಲ್ಲ. ದಿನಾ ಮೀನುಗಾರಿಕೆಯ ಬಲೆ ಎಳೆದು ಬೆಳೆದ ಹುಡುಗನಿಗೆ ಸಾಮರ್ಥ್ಯದ ಅರ್ಧದಷ್ಟೂ ಬೇಡದ ವೇಗ, ಪಕ್ಕದ ಹುಡುಗಿಗೆ ಶೇಕಡಾ 80 ಆಗಿರುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ಗೆ ಇದು ದೊಡ್ಡ ವ್ಯತ್ಯಾಸ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವ್ಯಾಯಾಮದ ರೂಢಿಯಿದ್ದ ಪುರುಷರು 30 ನಿಮಿಷ ಶ್ರಮಿಸಿದರು: ಗರಿಷ್ಠ ಆಮ್ಲಜನಕ ಬಳಕೆಯ ಶೇಕಡಾ 60 ಮತ್ತು 80ರಲ್ಲಿ ಕಾರ್ಟಿಸಾಲ್ ಏರಿತು, ಶೇಕಡಾ 40ರಲ್ಲಿ ಇಳಿಯಿತು. ವಯಸ್ಕರ ಏರಿಕೆ ಸ್ವಲ್ಪ ಹೊತ್ತಿನದು, ಅದರಿಂದ ಹಾನಿಯಿಲ್ಲ. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳ ಚಿಂತೆಯಲ್ಲಿ ನಿದ್ದೆಗೆಟ್ಟವರಿಗೆ ಅದನ್ನು ದಿನಾ ಬೆಳಿಗ್ಗೆ ಸೇರಿಸುವುದು ಬೇರೆ ಮಾತು.

ನಿದ್ದೆಯ ವಿಚಾರವೇ ನಮ್ಮ ಮುಖ್ಯ ಆಕ್ಷೇಪ. ಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ಮತ್ತು ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಮಲಗುವ ಕಡೆ ವಾಲುತ್ತದೆ. ಒಂದು ರಾತ್ರಿಯ ನಿದ್ದೆ ಅರ್ಧ ತಪ್ಪಿದರೂ ಮರುದಿನ ಸಂಜೆಯ ಕಾರ್ಟಿಸಾಲ್ ಇಳಿಯಬೇಕಾದಷ್ಟು ಇಳಿಯುವುದಿಲ್ಲ ಎಂದು 1997ರಷ್ಟು ಹಿಂದೆಯೇ ತೋರಿಸಲಾಗಿದೆ. ಅಂಕೋಲಾದ ಒಳಹಳ್ಳಿಯಿಂದಲೋ ಘಟ್ಟದ ಮೇಲಿನ ಕೇರಿಯಿಂದಲೋ ಬರುವ ಮಗು ಮೊದಲ ಬಸ್ಸು ಹಿಡಿಯಲು ಆಗಲೇ ಬೇಗ ಏಳುತ್ತದೆ. ಆರೂವರೆಯ ಓಟಕ್ಕೆ ಅದು ಎಷ್ಟು ಗಂಟೆಗೆ ಏಳಬೇಕು? ಊರೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ ಎಂದರೆ ನಿಯಮವೇ ಬಿದ್ದುಹೋಗುತ್ತದೆ. ದಿನಕ್ಕೊಂದು ಗಂಟೆ ನಿದ್ದೆ ಕಿತ್ತು ಅರ್ಧ ಗಂಟೆ ಓಟ ಕೊಡುವುದು ನಷ್ಟದ ವ್ಯಾಪಾರ.

ಓಡಿದರೆ ನೆನಪು ಹೆಚ್ಚುತ್ತದೆ, ಅಂಕ ಬರುತ್ತದೆ ಎಂದು ಪೋಷಕರಿಗೆ ಹೇಳುವವರೂ ಇದ್ದಾರೆ. ಅಮೆರಿಕದ ಸಂಶೋಧಕ ಕಿರ್ಕ್ ಎರಿಕ್ಸನ್ ಗುಂಪು 120 ಹಿರಿಯರನ್ನು ಒಂದು ವರ್ಷ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ವಾರಕ್ಕೆ ಮೂರು ದಿನ ನಡೆದವರ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮೆದುಳಿನ ಭಾಗ) ಸುಮಾರು 2 ಶೇಕಡಾ ಬೆಳೆಯಿತು, ಮೈ ಸಡಿಲಿಸುವ ವ್ಯಾಯಾಮ ಮಾತ್ರ ಮಾಡಿದವರದು ಕುಗ್ಗಿತು. ಆದರೆ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪು ಸುಧಾರಿಸಿದವು, ನಡೆದವರು ಮುಂದೆ ಬರಲಿಲ್ಲ. 2015ರಲ್ಲಿ ಪ್ರಕಟವಾದ 1,635 ಹಿರಿಯರ ಎರಡು ವರ್ಷದ ಪ್ರಯೋಗದಲ್ಲೂ ವ್ಯಾಯಾಮದ ಗುಂಪಿನ ಅರಿವಿನ ಶಕ್ತಿ ಆರೋಗ್ಯದ ಪಾಠ ಕೇಳಿದವರಿಗಿಂತ ಹೆಚ್ಚಲಿಲ್ಲ. ಇವೆಲ್ಲ ವೃದ್ಧರ ಮೇಲಿನ ಕೆಲಸ, ಬೌಲ್ಡರ್‌ನ 2013ರ ಪ್ರಯೋಗ ಗಂಡಿಲಿಗಳದು. 17 ವರ್ಷದ ಹುಡುಗಿಯ ಹೆಸರಿನಲ್ಲಿ ಆದೇಶ ಹೊರಡಿಸಲು ಇಷ್ಟು ಸಾಲದು.

ನಾವು ಕೇಳುವುದು ಇಷ್ಟೇ: ಆಟದ ಪೀರಿಯಡನ್ನು ಮಾರ್ಚ್‌ವರೆಗೆ ಮುಟ್ಟಬೇಡಿ. ಅದು ಶಾಲೆಯ ವೇಳೆಯಲ್ಲೇ ಇರುವುದರಿಂದ ಬಸ್ಸಿನ ತೊಂದರೆಯಿಲ್ಲ, ನಿದ್ದೆಗೆ ಪೆಟ್ಟಿಲ್ಲ. ಆ ಪೀರಿಯಡ್‌ನಲ್ಲಿ ಕೂರುವ ಹಾಗಿಲ್ಲ, ಏನು ಮಾಡಬೇಕೆಂಬುದು ಮಗುವಿನ ಆಯ್ಕೆ: ಖೋ ಖೋ, ವಾಲಿಬಾಲ್, ಸ್ಕಿಪ್ಪಿಂಗ್, ಬಿರುಸು ನಡಿಗೆ. ಯಕ್ಷಗಾನದ ಹೆಜ್ಜೆ ಕಲಿತವರು ಹತ್ತು ನಿಮಿಷ ಕುಣಿದರೆ ನಾಡಿ ಓಟದಷ್ಟೇ ಏರುತ್ತದೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಮಕ್ಕಳಿಗೆ ಹೋಳಿಯ ಸುಗ್ಗಿ ಕುಣಿತ ಬರುವುದೇ ಪರೀಕ್ಷೆಯ ಆಸುಪಾಸಿನಲ್ಲಿ. ಆ ಕುಣಿತಕ್ಕೆ ಹೋದವರನ್ನು ಓದು ಬಿಟ್ಟರೆಂದು ಬೈಯುವುದು ನಿಲ್ಲಲಿ. ಇವೆಲ್ಲವೂ ಚಕ್ರದ ಇಲಿಯ ಹಾಗೆ ಬಿಟ್ಟು ಬಿಟ್ಟು ನಡೆಯುವ ಚಟುವಟಿಕೆಗಳು, ನಿಲ್ಲುವ ಹೊತ್ತನ್ನು ದೇಹ ತಾನೇ ಹೇಳುತ್ತದೆ.

ಫೆಬ್ರವರಿ ದಾಟಿದ ಮೇಲೆ ಕರಾವಳಿಯಲ್ಲಿ ತೇವದಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದೇ ವೇಗಕ್ಕೆ ನಾಡಿ ಇನ್ನಷ್ಟು ಏರುತ್ತದೆ. ಮಧ್ಯಾಹ್ನದ ಪೀರಿಯಡ್ ಆಗಿದ್ದರೆ ನೆರಳಿನ ಜಗಲಿಗೆ ಬನ್ನಿ, 15 ನಿಮಿಷಕ್ಕೊಮ್ಮೆ ನೀರು ಕೊಡಿ. ತಲೆಸುತ್ತು, ವಾಂತಿ ಬಂತು ಎಂದವರನ್ನು ತಕ್ಷಣ ಮಲಗಿಸಿ, ಕಾಲು ಎತ್ತರಿಸಿ, ಕುತ್ತಿಗೆ ಮತ್ತು ಕಂಕುಳಿಗೆ ಒದ್ದೆ ಬಟ್ಟೆ ಇಡಿ; ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.