ನೆರಿಗೆ ಮುಂದೆ ಬಂದದ್ದು ಹೇಗೆ?

ಮಡಿಕೇರಿಯ ಮಳೆಗಾಲದಲ್ಲಿ ಡ್ರಾಯಿಂಗ್ ಹಾಳೆಯೂ ತೇವ. ರಬ್ಬರ್ ಉಜ್ಜಿದರೆ ನಾರು ಏಳುತ್ತದೆ. ಫ್ಯಾಷನ್ ಡಿಸೈನ್ ವಿದ್ಯಾರ್ಥಿಗಳಿಗೆ ಚಿತ್ರ ಕಲಿಸುವ ನನಗೆ ಅದು ದೊಡ್ಡ ತೊಂದರೆಯಲ್ಲ. ದೊಡ್ಡದು, ಪ್ರತಿವರ್ಷ ಮೊದಲ ದಿನವೇ ಕೇಳಿಬರುವ ಮಾತು: "ಮೇಡಂ, ನನಗೆ ಡ್ರಾಯಿಂಗ್ ಬರುವುದಿಲ್ಲ."

ಹೀಗೆನ್ನುವವರು ಹೆಚ್ಚಾಗಿ ಪಿಯುಸಿಯಲ್ಲಿ ವಾಣಿಜ್ಯವನ್ನೋ ವಿಜ್ಞಾನವನ್ನೋ ಓದಿ ಬಂದವರು. ಒಂದು ವಸ್ತುವನ್ನು ಎದುರಿಗಿಟ್ಟು ನೋಡಿ ಬರೆದ ಅಭ್ಯಾಸವೇ ಇರುವುದಿಲ್ಲ. ಅಂಥವರ ಮುಂದೆ ನಾವು ಮೊದಲ ವಾರವೇ ಒಂಬತ್ತು ತಲೆಯಷ್ಟು ಎತ್ತರದ ಆಕೃತಿಯನ್ನು ಇಡುತ್ತೇವೆ. ಮನುಷ್ಯನ ಎತ್ತರ ಅವನ ತಲೆಯ ಸುಮಾರು 7.5 ಪಟ್ಟು, ಫ್ಯಾಷನ್ ಚಿತ್ರದಲ್ಲಿ ಅದನ್ನು 9ಕ್ಕೆ, ಕೆಲವೊಮ್ಮೆ 10ಕ್ಕೆ ಹಿಗ್ಗಿಸುತ್ತಾರೆ. ಹೆಚ್ಚಿದ ಉದ್ದದ ಬಹುಪಾಲು ಕಾಲಿಗೆ ಹೋಗುತ್ತದೆ. ಉಡುಪು ಎದ್ದು ಕಾಣಲೆಂದು ಮಾಡಿಕೊಂಡ ರೂಢಿ. ಆದರೆ ಏಳೂವರೆಯನ್ನೇ ಗಮನಿಸದ ಕಣ್ಣಿಗೆ ಒಂಬತ್ತು ಬರೀ ಅಚ್ಚು. ಮಕ್ಕಳು ಅದನ್ನು ಮೊಬೈಲ್ ನೋಡಿ ಟ್ರೇಸ್ ಮಾಡಿ ಬಣ್ಣ ತುಂಬುತ್ತಾರೆ. ಉಡುಪಿನ ಭಾಗಗಳ ನಕ್ಷೆ ಕತ್ತರಿಸುವ ಪ್ಯಾಟರ್ನ್ ತರಗತಿಯಲ್ಲಿ ತೋಳು ಎಲ್ಲಿ ಕೂಡುತ್ತದೆ, ಜಿಪ್ ಎಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ಇವರನ್ನು ಸೋಮಾರಿಗಳೆಂದು ಬೈಯುವುದನ್ನು ನಾನು ಒಪ್ಪುವುದಿಲ್ಲ. ಅಂಕ ಕೊಡುವಾಗ ನಾವು ನೋಡಿದ್ದು ಅಂದವನ್ನೇ ಅಲ್ಲವೇ?

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಕೊಡವ ಸೀರೆಯ ಚಿತ್ರ ತಂದಳು. ನೆರಿಗೆ ಮುಂದಿತ್ತು! ಕೊಡವ ಸೀರೆಯಲ್ಲಿ ಅದು ಹಿಂದಿರುತ್ತದೆ. ಹುಟ್ಟಿದಾಗಿನಿಂದ ಮನೆಯಲ್ಲಿ ಕಂಡ ಉಡುಗೆ. ಕಾವೇರಿಯ ರಭಸಕ್ಕೆ ನೆರಿಗೆ ಹಿಂದಕ್ಕೆ ತಿರುಗಿತೆಂಬ ಕಥೆಯೂ ಅವಳಿಗೆ ಗೊತ್ತು. ನಾನು ತಿದ್ದಲಿಲ್ಲ. "ಅಜ್ಜಿ ಸೀರೆ ಉಡುವಾಗ ಹಿಂದೆ ನಿಂತು ಬರೆ. ರಬ್ಬರ್ ಮುಟ್ಟಬೇಡ" ಎಂದೆ.

ಸೋಮವಾರ ಹದಿನಾಲ್ಕು ಹಾಳೆ ತಂದಳು. ಮೊದಲ ಕೆಲವು ಬರೀ ಗೀಟುಗಳ ಗೋಜಲು. ಆಮೇಲೆ ನೆರಿಗೆಯನ್ನು ಸೊಂಟದ ಹಿಂದೆ ಸಿಕ್ಕಿಸಿದ ಜಾಗ ಬಂತು. ಅಲ್ಲಿಂದ ಬಟ್ಟೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು ಬಂತು. ಎಡಗಂಕುಳ ಕೆಳಗಿನಿಂದ ಬಂದ ಸೆರಗು ಬಲಭುಜದ ಮೇಲೆ ನಿಲ್ಲುವಾಗ ಎದೆಯ ಮೇಲೆ ಓರೆಯಾಗಿ ಮೂಡುವ ಎಳೆತದ ಗೆರೆಗಳೂ ಬಂದವು. ಕೈಕಾಲಿನ ಅಳತೆ ತಪ್ಪಿತ್ತು, ನಿಜ. ಆದರೆ ಆ ಚಿತ್ರ ನೋಡಿಕೊಂಡು ಒಬ್ಬರಿಗೆ ಸೀರೆ ಉಡಿಸಬಹುದಿತ್ತು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಮೊದಲ ಸೆಮಿಸ್ಟರ್ ಪೂರ್ತಿ ಬಟ್ಟೆಯನ್ನೇ ಬರೆಸಬೇಕೆಂಬುದು ನನ್ನ ಹಟ. ಮೊಳೆಗೆ ನೇತುಹಾಕಿದ ಟವೆಲ್, ಕುರ್ಚಿಯ ಮೇಲೆ ಎಸೆದ ರೇನ್‌ಕೋಟ್, ಸೊಂಟಪಟ್ಟಿಯಾದ ಚೇಲೆ ಬಿಗಿದಾಗ ಕೊಡವ ಗಂಡಸರ ನಿಲುವಂಗಿ ಕುಪ್ಯದ ಸೊಂಟದಲ್ಲಿ ಏಳುವ ಸುಕ್ಕು. ಮಾಡೆಲ್ ಕರೆಸಲು ಹಣವಿಲ್ಲದಿದ್ದರೆ ಸಹಪಾಠಿಗಳೇ ಎರಡೆರಡು ನಿಮಿಷ ನಿಲ್ಲಲಿ. ಕುಳ್ಳಗಿರುವವರು, ದಪ್ಪಗಿರುವವರು, ಎಲ್ಲರೂ. ನಾಳೆ ಇವರು ಹೊಲಿಯುವುದು ಅಂಥ ಮೈಗಳಿಗೇ.

ನಾಲ್ಕು ಪದ ಟೈಪ್ ಮಾಡಿದರೆ ಕಂಪ್ಯೂಟರೇ ಚಿತ್ರ ಕೊಡುತ್ತದಲ್ಲ ಎಂದು ಪೋಷಕರು ಕೇಳುತ್ತಾರೆ. ಕೊಡವ ಸೀರೆ ಬೇಕೆಂದು ನಾನೂ ಕೇಳಿ ನೋಡಿದೆ. ನೆರಿಗೆ ಮುಂದೆಯೇ ಬಂತು. ಆ ತಪ್ಪನ್ನು ಹಿಡಿಯಲು ಅಜ್ಜಿಯ ಹಿಂದೆ ನಿಂತು ನೋಡಿದ ಕಣ್ಣು ಬೇಕು.

ಮುಂದಿನ ತಿಂಗಳು ಹೊಸ ಬ್ಯಾಚ್ ಬರುತ್ತದೆ. ಒಂಬತ್ತು ತಲೆಯ ಆಕೃತಿಯನ್ನು ಎರಡನೇ ಸೆಮಿಸ್ಟರ್‌ಗೆ ಮುಂದೂಡಬೇಕೆಂದು ವಿಭಾಗಕ್ಕೆ ಪತ್ರ ಕೊಟ್ಟಿದ್ದೇನೆ. ಬೇರೆ ಊರುಗಳಲ್ಲಿ ಕಲಿಸುತ್ತಿರುವ ಗೆಳೆಯರೇ, ನಿಮ್ಮಲ್ಲಿ ಮೊದಲ ವಾರ ಏನು ಬರೆಸುತ್ತೀರಿ? ದಯವಿಟ್ಟು ತಿಳಿಸಿ.